ಮು ಜಿಬಿನಿ

ಭಾಗ 1

ಫೋಟೋದಾಗ ಬರೇ ಎರಡು ಕಾಲು ಕಾಣ್ತಾವು. ಎರಿ ಮಣ್ಣು ಮೆತ್ತಿದ ಸಣ್ಣ ಕಾಲು. ಮುಖ ಯಾಕ ಹಾಕೂದಿಲ್ಲ ಅಂತ ಭಾಳ ಮಂದಿ ಕೇಳ್ತೀರಿ. ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳ್ತೈತಿ. ಕಾಯ್ದೆ ಇಲ್ಲದಿದ್ರೂ ನಾ ಹಾಕ್ತಿರಲಿಲ್ಲ. ಆಕಿ ಕತಿ ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಅನ್ನೋದನ್ನ ದೊಡ್ಡಾಕಿ ಆದಮ್ಯಾಲ ಆಕಿನ ನೋಡ್ಕೊಳ್ಳಲಿ. ಹಂಗಾಗಿ ಆಕಿ ಹೆಸರೂ ಇಲ್ಲಿ ಬರೂದಿಲ್ಲ, ಆಕಿ ಇದ್ದ ಊರಿನ ಹೆಸರೂ ಬರೂದಿಲ್ಲ. ನಾ ಬರಿಯೂದು ನನ್ನ ಕತಿ ಅಷ್ಟ.

ಹೊಸದಾಗಿ ಫಾಲೋ ಮಾಡಿದವರಿಗೆ: ನಮ್ಮೂರು ಬಾಳೆಹೊಸೂರು, ಲಕ್ಷ್ಮೇಶ್ವರ ತಾಲೂಕು. ದಿಂಗಾಲೇಶ್ವರ ಮಠದ ಊರು ಅಂದ್ರ ಕೆಲವರಿಗೆ ಗೊತ್ತಾಗಬಹುದು. ಎರಡೂವರಿ ಎಕರೆ ಹೊಲ, ಒಂದು ಎಮ್ಮಿ, ಒಂದು ಕರ. ಮದುವಿ ಆಗಿ ಹದಿನೆಂಟು ವರ್ಷ. ದವಾಖಾನಿ ಸುತ್ತಿದ್ದು ಬರಿಯೂದಿಲ್ಲ. ಸುತ್ತಿದವರಿಗೆ ಗೊತ್ತೈತಿ, ಸುತ್ತದವರಿಗೆ ಹೇಳಿದ್ರೂ ತಿಳಿಯೂದಿಲ್ಲ.

ದತ್ತಕದ ಮಾತು ತೆಗೆದಾಗ ನಮ್ಮ ಅತ್ತಿ ಒಂದ ಮಾತು ಹೇಳಿದ್ರು. "ತಗೊಳ್ಳೂದಿದ್ರ ಮೈದುನನ ಎರಡನೇ ಮಗನ್ನ ತಗೋರಿ. ಊರು ಕೇರಿ ಗೊತ್ತಿಲ್ಲದ ಕೂಸು ಯಾಕ?" ಇವರು ಇತಿಹಾಸ ತೆಗೆದ್ರು. ಕಿತ್ತೂರ ಚೆನ್ನಮ್ಮ ದತ್ತು ಮಗನ ಸಲುವಾಗಿ 1824ರಾಗ ಬ್ರಿಟಿಷರ ಮ್ಯಾಲ ಯುದ್ಧ ಮಾಡಿದಳು. ನಮ್ಮ ಜಿಲ್ಲಾದ ನರಗುಂದದ ಬಾಬಾಸಾಹೇಬರಿಗೆ ದತ್ತಕಕ್ಕ ಪರವಾನಗಿ ಕೊಡಲಿಲ್ಲ ಅಂತ 1858ರಾಗ ಬಂಡಾಯ ಆತು. ಎಲ್ಲಾ ಕೇಳಿ ಅತ್ತಿ ಅಂದ್ರು: "ಅವರಿಗೆ ಸಿಂಹಾಸನ ಇತ್ತು. ನಿನಗೇನೈತಿ?" ಅದಕ್ಕ ಇವರ ಹತ್ರ ಉತ್ತರ ಇರಲಿಲ್ಲ.

ಈಗ ದತ್ತು ಅಂದ್ರ ಆಶ್ರಮಕ್ಕ ಹೋಗಿ ಇದು ಬೇಕು ಅಂತ ಬೊಟ್ಟು ಮಾಡೂದಲ್ಲ. ದಿಲ್ಲಿಯ ಕಾರಾ ಅನ್ನೋ ಪ್ರಾಧಿಕಾರದ ಪೋರ್ಟಲ್ಲಿನಾಗ ಹೆಸರು ಹಚ್ಚಬೇಕು. ಸಮಾಜ ಕಾರ್ಯಕರ್ತರು ಮನಿಗೆ ಬಂದು ಒಲಿಯಿಂದ ಹಿಡಿದು ಪಾಸ್‌ಬುಕ್ಕಿನ ತನಕ ನೋಡಿ ವರದಿ ಬರೀತಾರ. ಆಮ್ಯಾಲ ಕಾಯೂದು. ನಾವು ಮೊದಲು ಎರಡು ವರ್ಷದೊಳಗಿನ ಕೂಸು ಅಂತ ಬರೆದಿದ್ವಿ. ಅಂಥ ಕೂಸಿಗೆ ಗಂಡ ಹೆಂಡತಿ ಇಬ್ಬರ ವಯಸ್ಸು ಕೂಡಿಸಿದ್ರ 85 ದಾಟಬಾರದು. ನಮ್ಮದು 82 ಆಗಿತ್ತು, ಪಾಳಿ ಮಾತ್ರ ಮುಂದ ಸರೀತಿರಲಿಲ್ಲ. ನಾಕರಿಂದ ಎಂಟು ವರ್ಷದ ಮಗು ಆದ್ರ 100ರ ತನಕ ನಡೀತೈತಿ. ಒಂದು ರಾತ್ರಿ ಇಬ್ಬರೂ ಕೂತು ಅದನ್ನ ಬದಲಿಸಿದ್ವಿ. ಕೂಸಿನ ತೊಟ್ಟಿಲದ ಆಸೆ ಅವತ್ತ ಬಿಟ್ಟೆ. ಬಿಡಾಕ ಸುಲಭ ಇತ್ತು ಅಂತ ಹೇಳೂದಿಲ್ಲ.

ಹೆಸರು ಬಿತ್ತೋ ಹೊತ್ತಿಗೆ ಮೆಸೇಜ್ ಬಂತು. ಒಂದು ಫೋಟೋ, ಒಂದು ಮಗುವಿನ ಅಧ್ಯಯನ ವರದಿ, ಒಂದು ವೈದ್ಯಕೀಯ ವರದಿ. ಹೂಂ ಅನ್ನಾಕ 48 ತಾಸು. ಹೊಲದಾಗ ನೆಟ್‌ವರ್ಕ್ ಸಿಗದ ಬಂಡಿ ಮ್ಯಾಲ ಹತ್ತಿ ನಿಂತು ಓದಿದ್ವಿ. ಹೆಣ್ಣು ಮಗು. ಆರು ವರ್ಷ. ಭಾಷೆ ಒಡಿಯಾ.

ಭಾಗ 2

ಗದಗದಿಂದ ಅಮರಾವತಿ ಎಕ್ಸ್‌ಪ್ರೆಸ್. ಗೋವಾದಿಂದ ಶಾಲಿಮಾರಕ್ಕ ಹೋಗೂ ಗಾಡಿ. ಹೊಸಪೇಟೆ, ಬಳ್ಳಾರಿ ದಾಟಿದ ಮ್ಯಾಲ ಬೋರ್ಡಿನಾಗ ಕನ್ನಡ ಹೋಗಿ ತೆಲುಗು ಬಂತು. ಮರುದಿನ ತೆಲುಗೂ ಹೋಗಿ ಒಡಿಯಾ ಬಂತು. ನಮ್ಮ ಅಕ್ಷರ ದುಂಡಗ ಅಂತ ಹೆಮ್ಮೆ ಪಡ್ತೀವಲ್ಲ, ಒಡಿಯಾ ಅಕ್ಷರ ನೋಡ್ರಿ, ಒಂದೊಂದೂ ತಲಿಮ್ಯಾಲ ಛತ್ರಿ ಹಿಡಿದಂಗ ಅದಾವು. ಪಾಸ್‌ಪೋರ್ಟ್ ಬೇಕಾಗಿರಲಿಲ್ಲ ಅಷ್ಟ, ನನ್ನ ಪಾಲಿಗೆ ಅದು ಪರದೇಶನ. ಲಕ್ಷ್ಮೇಶ್ವರಕ್ಕ ಹಿಂದಕ ಪುಲಿಗೆರೆ ಅಂತಿದ್ರು, ಪಂಪ ತನ್ನ ಭಾರತಕ್ಕ ಅಲ್ಲಿಯ ಕನ್ನಡನ ತಿರುಳು ಅಂತ ತಿಳಿದಿದ್ದ ಅಂತ ಸಾಲ್ಯಾಗ ಹೇಳಿಕೊಟ್ಟಿದ್ರು. ಆ ತಿರುಳು ಕಟ್ಕೊಂಡು ಅಲ್ಲಿ ಒಂದು ಲೋಟ ನೀರು ಕೇಳಾಕ ಬರ್ತಿರಲಿಲ್ಲ ನನಗ.

ಯೂಟ್ಯೂಬ್ ನೋಡಿ ಇಪ್ಪತ್ತು ಶಬ್ದ ಬರ್ಕೊಂಡಿದ್ದೆ. ಪಾಣಿ ಅಂದ್ರ ನೀರು. ಭಾತ ಅಂದ್ರ ಅನ್ನ. ಭೋಕ ಲಾಗುಛಿ ಕಿ, ಹಸಿವಾಗೈತೇನು. ರಾತ್ರಿ ಎಲ್ಲಾ ಬಾಯಿಪಾಠ.

ರಥಯಾತ್ರೆಯ ದಿನ ಸಮೀಪ ಇದ್ವು. ಎದುರು ಸೀಟಿನಾಗ ಕೊಪ್ಪಳ ಕಡಿಯ ಹಿರೇರು ಇಬ್ಬರು. "ನೀವೂ ಜಗನ್ನಾಥನ ದರ್ಶನಕ್ಕ ಹೊಂಟ್ರೇನ್ರಿ?" ಅಂತ ಕೇಳಿದ್ರು. ಇವರು "ಹೌದ್ರಿ" ಅಂದುಬಿಟ್ರು. ನಾ ಸುಮ್ಮನ ಕೂತೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಹಂಚ್ಕೊಂಡು ತಿಂದ್ವಿ. ಖುರ್ದಾ ರೋಡಿನಾಗ ಪುರಿಗೆ ಹೋಗಾಕ ಅವರು ಇಳಿದ್ರು. "ಇಳೀರಿ, ಇಲ್ಲೇ ಇಳೀಬೇಕು" ಅಂತ ನಮ್ಮ ಚೀಲಕ್ಕ ಕೈ ಹಾಕಿದ್ರು. ಆ ಹೊತ್ತಿನಾಗ ಇವರ ಮುಖ ನೋಡಬೇಕಿತ್ತು ನೀವು. ಇವತ್ತಿಗೂ ನನಗ ಆ ಸುಳ್ಳು ಚುಚ್ಚತೈತಿ. ಮಗಳನ್ನ ನೋಡಾಕ ಹೊಂಟೀವಿ ಅಂತ ಹೇಳಾಕ ನಮಗ್ಯಾಕ ನಾಚಿಕಿ ಆತು?

ಭಾಗ 3

ಸಂಸ್ಥೆಯವರು ಮೊದಲ ಹೇಳಿದ್ದಕ್ಕ ಒಂದು ಆಲ್ಬಮ್ ಮಾಡಿ ಕಳಿಸಿದ್ವಿ. ಮನಿ, ಹೊಲ, ಎಮ್ಮಿ, ನಾವಿಬ್ಬರು, ಮೆಣಸಿನಕಾಯಿ ತುಂಬು ತೆಗಿಯಾಕ ಕೂತ ಅತ್ತಿ. ಕೆಳಗ ಹಿಂದಿಯಾಗ ಯಾರ್ಯಾರು ಅಂತ ಬರೆದಿದ್ವಿ.

ಆಕಿ ಆ ಆಲ್ಬಮ್ ಬಗಲಾಗ ಇಟ್ಕೊಂಡ ಬಂದಳು. ನಮ್ಮ ಕಡಿ ನೋಡಲಿಲ್ಲ. ಒಂದು ಕೈಯಾಗ ಆಯಾಳ ಸೀರಿ ಸೆರಗು. ಅಲ್ಲಿ ಮಕ್ಕಳು ಆಯಾಗೋಳಿಗೆ ಮಾಉಸಿ ಅಂತಾರ. ನಾ ಕಲಿತ ಇಪ್ಪತ್ತೂ ಶಬ್ದ ಎಲ್ಲಿ ಹೋದ್ವೋ. ಕಡೀಕ ಹೊಂಟಿದ್ದು "ಭೋಕ ಲಾಗುಛಿ ಕಿ?" ಆಗ ತಾನ ಉಂಡು ಬಂದಿತ್ತು ಮಗು.

ಅಲ್ಲಿಯ ಮೇಡಮ್ಮೋರು ಆಕಿನ್ನ ಏನೋ ಕೇಳಿದ್ರು. ಆಕಿ ನೆಲ ನೋಡ್ಕೊಂಡು ಅಂದಳು: "ಮು ಜಿಬಿನಿ."

ನಾ ನಕ್ಕೋತ "ಹೂಂ, ಹೂಂ" ಅಂತ ತಲಿ ಹಾಕಿದೆ. ಆಕಿ ತನ್ನ ಅಡ್ಡಹೆಸರು ಹೇಳಾಕತ್ತಾಳ ಅಂತ ತಿಳ್ಕೊಂಡಿದ್ದೆ. ಮೂರು ಸಲ ಅಂದಳು, ಮೂರೂ ಸಲ ನಾ ಹೂಂ ಅಂದೆ. ಆಮ್ಯಾಲ ಮೇಡಮ್ಮೋರು ಮೆಲ್ಲಕ ಹಿಂದಿಯಾಗ ತಿಳಿಸಿದ್ರು. ನಾ ಹೋಗಂಗಿಲ್ಲ ಅಂತ ಅದರ ಅರ್ಥ.

ಐದು ವರ್ಷ ದಾಟಿದ ಮಗು ಆದ್ರ ಮಗುವಿನ ಒಪ್ಪಿಗಿ ಇಲ್ಲದ ದತ್ತು ನಡೆಯೂದಿಲ್ಲ. ನಾವು ಕಾಗದದಾಗ ಓದಿದ್ವಿ. ಆದ್ರ ಆ ಸಾಲು ಎದುರಿಗೆ ಬಂದು ನಿಂತು ಮಾತಾಡ್ತೈತಿ ಅಂತ ಅಂದುಕೊಂಡಿರಲಿಲ್ಲ.

ಲಾಡ್ಜಿಗೆ ಬಂದು ಅತ್ತೆ. ಇಷ್ಟು ದೂರ ಬಂದೀವಿ, ಬಿತ್ತಿಗಿ ಬಿಟ್ಟು ಬಂದೀವಿ, ಅಂತೆಲ್ಲಾ ಒದರಿದೆ. ಇವರು ಭಾಳ ಹೊತ್ತು ಸುಮ್ಮನಿದ್ದು ಕೇಳಿದ್ರು: "ನಮ್ಮ ಮದುವಿಗೆ ನಿನ್ನ ಯಾರರ ಕೇಳಿದ್ರೇನು?" ಕೇಳಿರಲಿಲ್ಲ. ಹತ್ತೊಂಬತ್ತು ವರ್ಷ ಇತ್ತು ನನಗ. ಅಡಗಿಮನಿ ಬಾಗಿಲ ಹಿಂದ ನಿಂತು ನಾ ವಲ್ಲೆ ಅಂದಿದ್ದೆ. ನಮ್ಮವ್ವ ಕೇಳಿಸ್ಕೊಂಡು ಒಗ್ಗರಣಿ ಹಾಕಿದ್ಲು. ನಾ ವಲ್ಲೆ ಅಂದಿದ್ದು ಇವರಿಗೆ ಹೆಂಗ ಗೊತ್ತಾತೋ, ಹದಿನೆಂಟು ವರ್ಷ ಬಾಯಿ ಬಿಟ್ಟಿರಲಿಲ್ಲ.

ಆ ಮ್ಯಾಲ ಅಳು ನಿಂತಿತು. ಆರು ವರ್ಷದ ಪೋರಿ, ನಾಕು ಮಂದಿ ದೊಡ್ಡವರ ಎದುರಿಗೆ, ಬಾಗಿಲ ಮುಂದ ನಿಂತು ಅಂದಾಳ. ಆಕಿ ಅಂದಿದ್ದನ್ನ ಕಾಗದದಾಗ ಬರ್ಕೊಂಡಾರ.

ಹಿಂದಕ ಹಂಗಿರಲಿಲ್ಲ. ಹೊರದೇಶದವರು ಬಂದು ಇಲ್ಲಿಯ ಮಕ್ಕಳನ್ನ ಒಯ್ಯೂದರಾಗ ಮೋಸ ನಡೀತೈತಿ ಅಂತ ಲಕ್ಷ್ಮೀಕಾಂತ ಪಾಂಡೆ ಅನ್ನೋ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದ್ರು. ಆ ಪತ್ರನ ಅರ್ಜಿ ಅಂತ ತಗೊಂಡು 1984ರಾಗ ನ್ಯಾಯಮೂರ್ತಿ ಭಗವತಿಯವರು ತೀರ್ಪು ಕೊಟ್ರು. ಮೊದಲು ದೇಶದೊಳಗ ಮನಿ ಹುಡುಕಬೇಕು, ಆಮ್ಯಾಲ ಹೊರಗ. ಕಾರಾ ಹುಟ್ಟಿದ್ದು ಅದರ ಬೆನ್ನಿಗೆ, 1990ರಾಗ. ಇವತ್ತಿಗೂ ಅಮೆರಿಕ, ಇಟಲಿ, ಸ್ಪೇನಿಂದ ಬರ್ತಾರ ಮಂದಿ, ವಿಶೇಷವಾಗಿ ದೊಡ್ಡ ಮಕ್ಕಳಿಗೆ, ಬ್ಯಾನಿ ಇದ್ದ ಮಕ್ಕಳಿಗೆ. ನಾವು ಬ್ಯಾಡ ಅಂದ ಮಕ್ಕಳಿಗೆ ಅಂತನ ಹೇಳಬೇಕು. ಅವರೂ ನನ್ನಂಗ ಇಪ್ಪತ್ತು ಶಬ್ದ ಬರ್ಕೊಂಡು ಬರ್ತಿರಬೇಕು.

ಎರಡನೇ ದಿನವೂ ಹೋದ್ವಿ. ಏನೂ ಆಗಲಿಲ್ಲ. ಆಕಿ ಚಿತ್ರ ಬರೀತಿದ್ಲು, ನಾವು ದೂರ ಕೂತು ನೋಡಿದ್ವಿ.

ಮೂರನೇ ದಿನ ಆಲ್ಬಮ್ ನೆಲದ ಮ್ಯಾಲ ತೆರೆದಿತ್ತು. ಅತ್ತಿ ಫೋಟೋಕ್ಕ ಬೊಟ್ಟು ಇಟ್ಟು ನಾ ಕನ್ನಡದಾಗ ಅಂದೆ: "ಇವರು ಆಯಿ." ಆಕಿ ಫಕ್ಕನ ಮುಖ ಎತ್ತಿದಳು. "ಆಈ?"

ಮಾಉಸಿ ಬಿಡಿಸಿ ಹೇಳಿದ್ಲು. ಒಡಿಯಾದಾಗ ಅವ್ವನ ಅವ್ವಗ ಆಈ ಅಂತಾರಂತ. ಅಲ್ಲಿವರಿಗೆ ಎಲ್ಲರೂ ಆಕಿಗೆ ಆ ಫೋಟೋ ದಾದಿ ಅಂತ ತೋರಿಸಿದ್ರು, ಹಿಂದಿಯಾಗ. ಆ ಶಬ್ದ ಆಕಿಗೆ ಏನೂ ಅಲ್ಲ. ಹಿಂದಿನ ಪುಟದಾಗ ಗೋಡಿಗೆ ತೂಗುಹಾಕಿದ್ದ ತೀರ್ಕೊಂಡ ಮಾವನ ಫೋಟೋ ಇತ್ತು. "ಅಜ್ಜ" ಅಂದೆ. "ಅಜಾ!" ಅಂದಳು. ಅದೂ ಅವರದನ. ಇಪ್ಪತ್ತು ಶಬ್ದ ಕಲಿತು ಹೋದಾಕಿಗೆ ಕಡೀಕ ಕೆಲಸಕ್ಕ ಬಂದಿದ್ದು ಮನ್ಯಾಗಿನ ಎರಡು ಶಬ್ದ.

ವಿಡಿಯೋ ಕಾಲ್ ಹಚ್ಚಿದ್ವಿ. ನಾವು ಮನಿ ಬಿಟ್ಟ ದಿನ ಬೆನ್ನು ತಿರುವಿ ಕೂತಿದ್ದ ಅತ್ತಿ ಅವರು. ಫೋನ್ ಹಿಡಿದವ ಮೈದುನನ ಎರಡನೇ ಮಗ. ಅತ್ತಿ ಪಿಳಿಪಿಳಿ ನೋಡಿದ್ರು. ಆಮ್ಯಾಲ ಊರಿಗೆಲ್ಲಾ ಕೇಳೂವಂಗ, "ಏನ ಇಷ್ಟು ಬಡಕ ಆಗ್ಯಾಳಲ್ಲ! ಉಂಡಿಯೇನವಾ?" ಅಂದ್ರು. ಆಕಿಗೆ ಏನೂ ತಿಳೀಲಿಲ್ಲ. ತಾನು ಬರೆದ ಎಮ್ಮಿ ಚಿತ್ರ ಫೋನಿಗೆ ಹಿಡಿದು ತೋರಿಸಿದ್ಲು.

ಐದನೇ ದಿನ ಮೇಡಮ್ಮೋರು ಮತ್ತ ಕೇಳಿದ್ರು. ಆಕಿ ಹೂಂ ಅನ್ನಲಿಲ್ಲ. ಅಲ್ಲಿ ಆಈ ಇರ್ತಾಳೇನು ಅಂತ ತಿರುಗಿ ಕೇಳಿದ್ಲು. ಮೇಡಮ್ಮೋರು ಅವಸರ ಮಾಡಲಿಲ್ಲ, ಇನ್ನೊಂದು ದಿನ ಬಿಟ್ಟು ಮತ್ತೊಮ್ಮೆ ಕೇಳಿದ್ರು. ಆಗ ತಲಿ ಹಾಕಿದ್ಲು.

ಕರ್ಕೊಂಡು ಹೊಂಟ ದಿನದ್ದು ಒಂದ ಮಾತು ಬರೀತೀನಿ. ಮಾಉಸಿ ಗೇಟಿನ ತನಕ ಬರಲಿಲ್ಲ. ಒಳಗ ಕಿಟಕಿ ಹಿಂದ ನಿಂತಿದ್ಲು. ನಾ ನೋಡಿದೆ. ಮಗು ರೈಲಿನಾಗ ಚಿಲಿಕಾ ಸರೋವರ ದಾಟೂ ತನಕ ಅತ್ತಳು. ಆರು ವರ್ಷ ಎಣ್ಣಿ ಹಚ್ಚಿ ತಲಿ ಬಾಚಿದ ಹೆಣ್ಮಗಳಿಂದ ಕಿತ್ತು ತಂದೀನಿ ಅನ್ನೋದು ನನ್ನ ಎದಿಯಾಗ ಐತಿ. ಪುಣ್ಯದ ಕೆಲಸ ಮಾಡಿದ್ರಿ ಅಂತ ಯಾರರ ಅಂದ್ರ ನನಗ ಮಾಉಸಿ ನೆನಪಾಗ್ತಾಳ.

ಭಾಗ 4

ಹತ್ತು ತಿಂಗಳಾತು. ಈಗ ಕೋರ್ಟಿಗೆ ಹೋಗೂದಿಲ್ಲ. 2021ರಾಗ ಕಾಯ್ದೆ ತಿದ್ದಿದ ಮ್ಯಾಲ ಜಿಲ್ಲಾಧಿಕಾರಿಗಳ ಆದೇಶ ಸಾಕು, ನಮ್ಮದು ಬಂದೈತಿ. ಎರಡು ವರ್ಷದ ತನಕ ಆರಾರು ತಿಂಗಳಿಗೆ ಮನಿಗೆ ಬಂದು ನೋಡಿಕೊಂಡು ಹೋಗ್ತಾರ. ಮೊದಲನೇ ಭೇಟಿ ಮುಗಿದೈತಿ.

ಎಲ್ಲಾ ಚಲೋ ಐತಿ ಅಂತ ಬರೆದ್ರ ಸುಳ್ಳಾಗ್ತೈತಿ. ದಿಂಬಿನ ಕೆಳಗ ಬಿಸ್ಕತ್ತು, ರೊಟ್ಟಿ ಚೂರು ಬಚ್ಚಿಡ್ತಾಳ. ಇರುವಿ ಹತ್ತತಾವು, ನಾನೂ ತೆಗಿಯೂದಿಲ್ಲ. ಇವರಿಗೆ ಅಪ್ಪ ಅಂತಾಳ, ಅತ್ತಿಗೆ ಆಯಿ, ನನಗ ಇನ್ನೂ ಮಾಉಸಿ. ನಮ್ಮ ಕಡಿ ಮಾವಶಿ ಅಂದ್ರ ಚಿಗವ್ವ ಅಲ್ಲೇನು, ಹಂಗಾಗಿ ಸಂತಿಯಾಗ ಮಂದಿ "ಅಕ್ಕನ ಮಗಳೇನ್ರಿ?" ಅಂತಾರ. ಮೊದಮೊದಲು ಹೊಟ್ಟಿಯೊಳಗ ಕಲಸತಿತ್ತು. ಆಕಿ ಲೋಕದಾಗ ತಲಿ ಬಾಚಾಕಿ, ಜ್ವರ ಬಂದ್ರ ಬಾಜೂಕ ಮಲಗಾಕಿ ಮಾಉಸಿ. ಇರ್ಲಿ.

ಅತ್ತಿ ಮಾತ್ರ ಆಕಿನ್ನ ಬಿಟ್ಟು ಉಣ್ಣೂದಿಲ್ಲ. ಅನ್ನಕ್ಕ ನೀರು ಹಾಕಿ ರಾತ್ರಿ ಇಟ್ಟು ಮುಂಜಾನಿ ಉಣ್ಣೂದು ಒಡಿಶಾದ ರೂಢಿ, ಪಖಾಳ ಅಂತಾರ. ಅತ್ತಿ ಅದನ್ನ ನೋಡಿ "ಇದು ನಮ್ಮ ತಂಗಳನ್ನನ" ಅಂತ ತಾವೂ ಒಂದು ಗಂಗಾಳ ಹಚ್ಕೊಂಡು ಕೂಡ್ತಾರ, ಬಾಜೂಕ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ.

ಸಾಲಿಗೆ ಹೋಗೂದಂದ್ರ ಆಕಿಗೆ ಆಗಿಬರೂದಿಲ್ಲ. ದಿನಾ ಮುಂಜಾನಿ ಗೇಟಿನ ಮುಂದ ನಿಂತು, ಚೀಲ ನೆಲಕ್ಕ ಇಟ್ಟು, "ಮು ಜಿಬಿನಿ." ಈಗ ನನಗ ಅರ್ಥ ಆಗ್ತೈತಿ. ಯಾಕವಾ ಅಂತ ಕೇಳ್ತೀನಿ. ಒಮ್ಮೊಮ್ಮೆ ಕಾರಣ ಇರ್ತೈತಿ, ಒಮ್ಮೊಮ್ಮೆ ಇರೂದಿಲ್ಲ. ಹೋದ ವಾರ ನಮ್ಮ ಓಣಿಯಾಗ ಬಾಜೂಮನಿ ಹುಡುಗನ್ನ ಅವರವ್ವ ಸಾಲಿಗೆ ಎಳಕೊಂಡು ಹೊಂಟಿದ್ಲು. ಅಂವ ಕಟ್ಟಿ ಹಿಡ್ಕೊಂಡು ಒಂದ ಸವನ ಒದರಾಕತ್ತಿದ್ದ: "ಮು ಜಿಬಿನಿ! ಮು ಜಿಬಿನಿ!" ಅವರವ್ವ ನನ್ನ ನೋಡಿ, "ಏನ ಅಕ್ಕ, ಏನನ್ನಾಕತ್ತಾನ ಇಂವಾ?" ಅಂತ ಕೇಳಿದ್ಲು.