ಹಿತ್ತಾಳೆಯ ಬಿಲ್ಲೆ

ಹಳೆಯ ಬಂದೂಕುಗಳ ಹವ್ಯಾಸ ನಮಗಿದೆಯೆಂದರೆ ಮಲ್ಕಾಜ್‌ಗಿರಿಯ ನಮ್ಮ ಬೀದಿಯವರು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಆದ್ದರಿಂದ ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ: ನಮ್ಮ ಸಂಗ್ರಹದಲ್ಲಿ ಒಂದು ಬಂದೂಕೂ ಇಲ್ಲ. ಸೈನ್ಯದ ಹಳೆಯ .303 ರೈಫಲು ನಮ್ಮ ದೇಶದಲ್ಲಿ ನಿಷಿದ್ಧ ವರ್ಗದ ಆಯುಧ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅಪ್ಪಣೆಯಿಲ್ಲದೆ ನಮ್ಮಂಥ ನಿವೃತ್ತ ಲೆಕ್ಕದ ಮೇಷ್ಟ್ರು ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಾಯಿದೆ ಬಿಟ್ಟರೂ ನಮ್ಮಾಕೆ ಬಿಡುವವಳಲ್ಲ. ನಾವು ಕೂಡಿಹಾಕಿರುವುದು ಇನ್ನೂರು ಪುಟದ ಒಂದು ನೋಟುಬುಕ್ಕು. ಅದರ ತುಂಬ ಹಳೆಯ ರೈಫಲುಗಳ ಮೈಮೇಲೆ ಕಂಡ ಅಕ್ಷರ, ಅಂಕಿ, ಮುದ್ರೆಗಳ ನಕಲು.

ಈ ಹುಚ್ಚಿಗೆ ಮೂಲ ಒಂದು ಹಿತ್ತಾಳೆಯ ಬಿಲ್ಲೆ. ಹಳೆಯ ಒಂದು ರೂಪಾಯಿಯಷ್ಟು ಅಗಲ, ನಡುವೆ ಒಂದು ತೂತು. ತಿಪಟೂರಿನ ಹತ್ತಿರದ ನಮ್ಮ ಊರಿನಿಂದ ಕೆಲಸಕ್ಕೆಂದು ಈ ಕಡೆಗೆ ಬಂದಾಗ ನಮ್ಮ ತಂದೆಯವರು ಅದನ್ನು ದೇವರ ಪೆಟ್ಟಿಗೆಯಿಂದ ತೆಗೆದು ನಮ್ಮ ಕೈಗಿಟ್ಟಿದ್ದರು. ಆಯುಧಪೂಜೆಯ ದಿನ ಈಳಿಗೆಮಣೆ, ಕತ್ತರಿ, ನಮ್ಮ ಕಂಪಾಸು ಪೆಟ್ಟಿಗೆ, ಹಿಡಿ ಸವೆದ ಒಂದು ಹಳೆಯ ಉಳಿ ಇವುಗಳ ನಡುವೆ ಅದಕ್ಕೂ ಕುಂಕುಮ ಹಚ್ಚುವ ಪದ್ಧತಿ. ತಂದೆಯವರು ಹೇಳುತ್ತಿದ್ದ ಕಥೆ ಇದು: ನಮ್ಮ ತಾತ ಮೈಸೂರು ಲ್ಯಾನ್ಸರ್ಸ್ ದಳದಲ್ಲಿ ಸವಾರರಾಗಿ ಹೈಫಾ ಯುದ್ಧದಲ್ಲಿ ಕಾದಿದರು, ಬಿಲ್ಲೆ ಅವರ ಬಂದೂಕಿನದು. ಅದರ ಮೇಲಿನ 'ಎಚ್' ಎಂಬ ಇಂಗ್ಲಿಷ್ ಅಕ್ಷರ ಹೈಫಾ, '19' ಎಂಬುದು 1918ರ ಅರ್ಧ. ಕೆಳಗಿನ 217ಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ವ್ಯಾಖ್ಯಾನ. ನಮ್ಮ ಚಿಕ್ಕಪ್ಪನವರಂತೂ ಅದು ತಾತ ಕೊಂದ ಶತ್ರುಗಳ ಸಂಖ್ಯೆಯೆಂದೇ ಹೇಳುತ್ತಿದ್ದರು.

ಹೈಫಾದ ಕಥೆ ದೊಡ್ಡದೇ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಭರ್ಜಿ ಕತ್ತಿಗಳನ್ನು ಹಿಡಿದು, ಮೆಷಿನ್‌ಗನ್ನುಗಳಿಗೆ ಎದುರಾಗಿ ಕುದುರೆ ಓಡಿಸಿ ಆ ಊರನ್ನು ಗೆದ್ದರು. ಹೈದರಾಬಾದಿನ ಲ್ಯಾನ್ಸರ್ಸ್ ಕೂಡ ಅದೇ ಬ್ರಿಗೇಡಿನವರು. ದೆಹಲಿಯ ತೀನ್ ಮೂರ್ತಿಯಲ್ಲಿ 1922ರಿಂದ ನಿಂತಿರುವ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರವು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕವಿದೆ. ಇಂಥ ಕಥೆಯೊಳಗೆ ನಮ್ಮ ತಾತನಿಗೂ ಒಂದು ಕುದುರೆ ಇತ್ತೆಂಬುದು ಪರವೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತ ಅಲೆದ ದಿನಗಳಲ್ಲಿ ನಮಗೆ ದೊಡ್ಡ ಧೈರ್ಯವಾಗಿತ್ತು.

ನಮ್ಮ ಎದುರುಮನೆಯವರು ಕೊಡಗಿನವರು. ಸೈನ್ಯದ ಇ.ಎಂ.ಇ. ವಿಭಾಗದಲ್ಲಿ ಆಯುಧಗಳನ್ನು ರಿಪೇರಿ ಮಾಡುವ ಆರ್ಮರರ್ ಆಗಿದ್ದು ನಿವೃತ್ತರಾದ ಹವಾಲ್ದಾರರು. ಕೈಲ್ ಮುಹೂರ್ತಕ್ಕೆ ವರ್ಷವೂ ಊರಿಗೆ ಹೋಗಿ, ಮನೆಯ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿ ಬರುವವರು. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ. 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ.

ರೈಫಲನ್ನು ಓದುವುದನ್ನು ನಮಗೆ ಕಲಿಸಿದವರು ಅವರೇ. ನಮಗೆ ಪರಿಚಯವಿದ್ದ ಒಂದು ಕಾಲೇಜಿನ ಎನ್.ಸಿ.ಸಿ. ಉಗ್ರಾಣದಲ್ಲಿ, ಅಪ್ಪಣೆ ಪಡೆದು, ಕವಾಯತಿನ ರೈಫಲುಗಳನ್ನು ಮುಂದಿಟ್ಟುಕೊಂಡು ಪಾಠ ಹೇಳಿದರು. "ನೋಡಿ ಮೇಷ್ಟ್ರೇ, ಇದು ಜಾತಕ ಇದ್ದ ಹಾಗೆ. ಹಿಡಿಯ ಹತ್ತಿರ ಕಬ್ಬಿಣದ ಪಟ್ಟಿ ಇದೆಯಲ್ಲ, ಅಲ್ಲಿ ಕಿರೀಟ, ರಾಜನ ಹೆಸರಿನ ಅಕ್ಷರ, ಹುಟ್ಟಿದ ಕಾರ್ಖಾನೆ, ಇಸವಿ." ಇಂಗ್ಲೆಂಡಿನ ಎನ್‌ಫೀಲ್ಡ್, ಆಸ್ಟ್ರೇಲಿಯದ ಲಿಥ್‌ಗೋ, ಕಲ್ಕತ್ತೆಯ ಬಳಿ ಹೂಗ್ಲಿಯ ದಡದ ಇಷಾಪುರ ಹೀಗೆ ಎಲ್ಲೆಲ್ಲೋ ಹುಟ್ಟಿದವು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದವು. ಅಗಲ ಬಾಣದ ಕೆಳಗೆ 'ಐ' ಇದ್ದರೆ ಭಾರತ ಸರ್ಕಾರದ ಸ್ವತ್ತು. ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿದ್ದರೆ ಸೇವೆಯಿಂದ ತೆಗೆದು ಮಾರಿದ್ದು. 'ಡಿ.ಪಿ.' ಇದ್ದರೆ ಗುಂಡು ಹಾರದಂತೆ ಮಾಡಿ ಕವಾಯತಿಗೆ ಬಿಟ್ಟದ್ದು. ನಳಿಗೆಯ ನಂಬರೂ ಬೋಲ್ಟಿನ ನಂಬರೂ ಒಂದೇ ಆಗಿದ್ದರೆ ಎರಡೂ ಒಟ್ಟಿಗೆ ಬಾಳಿದವು; ಬೇರೆಯಾಗಿದ್ದರೆ ಎಲ್ಲೋ ಒಂದು ರಿಪೇರಿಯಲ್ಲಿ ಜೋಡಿ ತಪ್ಪಿದೆ.

1962ರಲ್ಲಿ ಹಿಮಾಲಯದ ಚಳಿಯಲ್ಲಿ ನಮ್ಮ ಜವಾನರ ಕೈಯಲ್ಲಿದ್ದದ್ದೂ ಇದೇ .303. ಪೊಲೀಸರ ಹೆಗಲ ಮೇಲಂತೂ ಅದು ಇನ್ನೂ ಎಷ್ಟೋ ಕಾಲ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ದಿನ.

ಹೀಗೆ ನಾಲ್ಕಾರು ವರ್ಷ ಊರವರ ಬಂದೂಕಿನ ಜಾತಕ ಬರೆದುಕೊಂಡ ಮೇಲೆ ಒಂದು ಸಂಜೆ ಮನೆಯ ಬಿಲ್ಲೆಯನ್ನು ಹವಾಲ್ದಾರರ ಮುಂದಿಟ್ಟೆವು, ಹೆಮ್ಮೆಯಿಂದಲೇ ಇಟ್ಟೆವು. ಅವರು ಅದರ ಮೇಲೆ ತೆಳು ಕಾಗದ ಹೊದಿಸಿ ಪೆನ್ಸಿಲು ಉಜ್ಜಿದರು. '19 ಎಚ್' ಎಂಬುದರ ಎಡಕ್ಕೆ, ಕುಂಕುಮ ತಿಕ್ಕಿ ತಿಕ್ಕಿ ಸವೆದ ಜಾಗದಲ್ಲಿ, ಒಂದು '4', ಪಕ್ಕದಲ್ಲಿ ಒಂದು ಓರೆಗೆರೆ ಮೂಡಿದವು.

"ಮೇಷ್ಟ್ರೇ, ಬೇಸರ ಮಾಡ್ಕೋಬೇಡಿ. ಬಿಲ್ಲೆಯಲ್ಲಿ ಯುದ್ಧದ ಹೆಸರು ಹಾಕೋದಿಲ್ಲ. ಪಲ್ಟನ್ನಿನ ಹೆಸರು ಹಾಕ್ತಾರೆ. ಇದು ಹತ್ತೊಂಬತ್ತನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಪಲ್ಟನ್. ನಮ್ಮ ಜನರಲ್ ತಿಮ್ಮಯ್ಯನವರು ಇದ್ದ ಪಲ್ಟನ್ ಸ್ವಾಮಿ ಇದು! 217 ಅಂದರೆ ಬಂದೂಕಿನ ಲೆಕ್ಕದ ನಂಬರು, ಅಷ್ಟೇ."

ಆ ರೆಜಿಮೆಂಟಿಗೆ ಆ ಹೆಸರು ಬಂದದ್ದು 1922ರಲ್ಲಿ. 1945ರಲ್ಲಿ ಅದು ಕುಮಾಊಂ ರೆಜಿಮೆಂಟ್ ಆಯಿತು. 1918ರ ಹೈಫಾಕ್ಕೆ ಈ ಬಿಲ್ಲೆ ಹೋಗಿರಲು ಸಾಧ್ಯವೇ ಇರಲಿಲ್ಲ. ಆ ರಾತ್ರಿ ಇನ್ನೊಂದು ಕಳೆಯುವ ಲೆಕ್ಕವನ್ನೂ ಮಾಡಿದೆವು. ತಾತ ಹುಟ್ಟಿದ್ದು 1905ರಲ್ಲಿ. ಹೈಫಾ ಯುದ್ಧದ ವೇಳೆಗೆ ಅವರಿಗೆ ಹದಿಮೂರು ವರ್ಷ! ಮೂವತ್ತೈದು ವರ್ಷ ಪರರ ಮಕ್ಕಳಿಗೆ ವ್ಯವಕಲನ ಕಲಿಸಿದ ನಾವು ಮನೆಯ ಈ ಸಣ್ಣ ಲೆಕ್ಕವನ್ನು ಒಂದು ದಿನವೂ ಮಾಡಿರಲಿಲ್ಲ. ಮಾಡಲು ಮನಸ್ಸಿರಲಿಲ್ಲವೆಂಬುದೇ ನಿಜವಿರಬೇಕು.

ಒಂದು ಪ್ರಶ್ನೆ ಉಳಿಯಿತು. ಸಿಪಾಯಿ ತನ್ನ ರೈಫಲಿನ ಬಿಲ್ಲೆ ಕಿತ್ತುಕೊಂಡು ಬಂದರೆ ಸುಮ್ಮನೆ ಬಿಡುತ್ತಾರೆಯೇ? ಹಾಗಾದರೆ ತಾತನ ಕೈಗೆ ಅದು ಬಂದದ್ದು ಹೇಗೆ? ಕದ್ದರೇ? ಸಂತೆಯಲ್ಲಿ ಕೊಂಡರೇ? ಕೇಳಬಹುದಾದ ಒಬ್ಬರೇ ಉಳಿದಿದ್ದರು, ಊರಿನಲ್ಲಿ ತೊಂಬತ್ತರ ಹತ್ತಿರದ ಸೋದರತ್ತೆ. ಆ ವಯಸ್ಸಿನಲ್ಲಿ ಅವರ ತಂದೆಯ ಕುದುರೆಯನ್ನು ಕಸಿದುಕೊಳ್ಳಬೇಡಿರೆಂದು ನಮ್ಮಾಕೆ ತಡೆದಳು. ಎರಡು ತಿಂಗಳು ತಡೆದುಕೊಂಡೆವು. ಆಮೇಲೆ ರೈಲು ಹತ್ತಿದೆವು.

ಅತ್ತೆ ಎಲ್ಲವನ್ನೂ ಕೇಳಿ ಬೊಚ್ಚು ಬಾಯಲ್ಲಿ ನಕ್ಕರು. "ಹೈಫಾನೂ ಇಲ್ಲ, ಗೈಫಾನೂ ಇಲ್ಲ ಕಣೋ. ಅಪ್ಪ ಹೈದರಾಬಾದು ಅಂತಲೇ ಹೇಳ್ತಿದ್ದ. ನಿಮ್ಮಪ್ಪ ಇಸ್ಕೂಲಲ್ಲಿ ಹೈಫಾ ಪಾಠ ಕೇಳ್ಕೊಂಡು ಬಂದು, ಇದೇ ಅದು ಅಂತ ಊರೆಲ್ಲ ಸಾರಿಬಿಟ್ಟ. ಹುಡುಗ ಖುಷಿಯಾಗಿದಾನೆ ಅಂತ ಅಪ್ಪ ಸುಮ್ಮನಾದ."

"ಹಾಗಾದರೆ ತಾತ ಅಲ್ಲಿ ಏನು ಮಾಡ್ತಿದ್ದರು ಅತ್ತೆ?"

"ಲಷ್ಕರಿನ ದಂಡಿನಲ್ಲಿ ಬಡಗಿ ಕೆಲಸ. ಬಂದೂಕದ ಮರ ಸೀಳಿದರೆ ಹೊಸದು ಕೂರಿಸೋದು. ಸೀಳಿದ ಮರ ಒಲೆಗೆ. ಅದರ ಮೇಲಿನ ಬಿಲ್ಲೆ ಒಂದನ್ನ ನನಗೆ ಆಡೋಕೆ ತಂದುಕೊಟ್ಟ. ದೇವರ ಪೆಟ್ಟಿಗೇಲಿ ಉಳಿ ಇದೆಯಲ್ಲ, ಅದು ಯಾರದು ಅಂದ್ಕೊಂಡಿದ್ದೆ?"

ನಾವು ಮಾತನಾಡಲಿಲ್ಲ. ಲಷ್ಕರ್ ಎಂದರೆ ಸಿಕಂದರಾಬಾದು. ನಮ್ಮ ಮಲ್ಕಾಜ್‌ಗಿರಿಯಿಂದ ಲೋಕಲ್ ರೈಲಿನಲ್ಲಿ ಕೂತು ಮಾತು ಮುಗಿಯುವುದರೊಳಗೆ ಬರುವ ಊರು. ಈ ಸೀಮೆಗೆ ಬಂದವರಲ್ಲಿ ನಾವೇ ಮೊದಲಿಗರೆಂದು ತಿಳಿದಿದ್ದೆವು. ನಮಗಿಂತ ಮೊದಲೇ ಒಬ್ಬರು ಬಂದು, ಪರರ ಬಂದೂಕುಗಳಿಗೆ ಹಿಡಿ ಕೆತ್ತಿ ಮನೆಗೆ ಹಣ ಕಳಿಸಿ, ಮಗನ ಸಂತೋಷಕ್ಕಾಗಿ ತಮ್ಮ ಬದುಕಿನ ಕಥೆಯನ್ನೇ ಬಿಟ್ಟುಕೊಟ್ಟು ಹೋಗಿದ್ದರು.

ಹಿಂದಿರುಗಿ ಬಂದು ಹವಾಲ್ದಾರರಿಗೆ ವಿಷಯ ತಿಳಿಸಿದೆವು. ಅವರು ಉಳಿಯನ್ನು ಕೈಗೆ ತೆಗೆದುಕೊಂಡು, ಬಾಯಿಯ ಮೇಲೆ ಹೆಬ್ಬೆರಳು ಆಡಿಸಿ, "ಒಳ್ಳೆ ಕೆಲಸಗಾರ ಮೇಷ್ಟ್ರೇ. ಮರ ಸರಿಯಾಗಿ ಕೂರದಿದ್ದರೆ ಎಂಥ ರೈಫಲೂ ಗುರಿ ತಪ್ಪುತ್ತದೆ" ಎಂದರು.

ನೋಟುಬುಕ್ಕಿನಲ್ಲಿ ಬಿಲ್ಲೆಯ ಪುಟದಲ್ಲಿದ್ದ 'ಹೈಫಾ' ಎಂಬುದನ್ನು ಹೊಡೆದುಹಾಕಿ, ನಿಜವನ್ನು ಬರೆದೆವು. ಕಳೆದ ಆಯುಧಪೂಜೆಯಲ್ಲಿ ಉಳಿಯನ್ನು ಮುಂದಿಟ್ಟು ಮೊದಲು ಅದಕ್ಕೇ ಕುಂಕುಮ ಹಚ್ಚಿದೆವು. ಮೊಮ್ಮಗಳು ಅದೇಕೆಂದು ಕೇಳಿದಳು. ಹೇಳಲು ನಮ್ಮಲ್ಲಿ ಈಗ ಒಂದು ಕಥೆಯಿದೆ. ಅದರಲ್ಲಿ ಕುದುರೆ ಇಲ್ಲ, ಆದರೆ ಇಸವಿಗಳು ಸರಿಯಾಗಿವೆ.