ಬಾಣಂತಿಯ ಮನೋರೋಗವೂ ಮಗುವಿನ ಸನ್ನಿಧಿಯೂ

ಎಣ್ಣೆನೀರು, ಧೂಪ, ಪಥ್ಯ, ಬೆಚ್ಚನೆಯ ಕೋಣೆ—ಬಾಣಂತಿಯ ದೇಹಕ್ಕೆ ನಮ್ಮ ಮನೆಗಳಲ್ಲಿ ನಡೆಯುವ ಉಪಚಾರಗಳು ಒಂದೆರಡಲ್ಲ. ಅವಳ ಮನಸ್ಸಿಗೂ ಆಪತ್ತು ಬರಬಹುದೆಂಬುದನ್ನು ಹಿರಿಯರು ಅರಿಯದೆ ಇರಲಿಲ್ಲ; ‘ಬಾಣಂತಿ ಸನ್ನಿ’ ಎಂಬ ಮಾತೇ ಅದಕ್ಕೆ ಸಾಕ್ಷಿ. ಆದರೆ ಹೆಸರಿದ್ದಿತೇ ಹೊರತು ತಕ್ಕ ಚಿಕಿತ್ಸೆಯಿರಲಿಲ್ಲ. ಆದಕಾರಣ ದೃಷ್ಟಿಯೆಂದೂ ಗ್ರಹಚೇಷ್ಟೆಯೆಂದೂ ಭಾವಿಸಿ ಕಾಲವನ್ನು ಕಳೆಯುತ್ತಿದ್ದರು.

ನನ್ನ ಬಂಧುವರ್ಗದ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯಾದ ಎಂಟನೆಯ ದಿನದಿಂದ ನಿದ್ರೆ ದೂರವಾಯಿತು. ಮಗು ತನ್ನದಲ್ಲ, ಯಾರೋ ಬದಲಿಸಿದ್ದಾರೆಂದು ಕೂಗತೊಡಗಿದಳು. ಅವಳನ್ನು ಸೇರಿಸಿದ ಆಸ್ಪತ್ರೆಯಲ್ಲಿ ಶಿಶುವಿಗೆ ಎಡೆಯಿರಲಿಲ್ಲ. ಅದು ಅಜ್ಜಿಯೊಡನೆ ಬೇರೆ ಊರಿಗೆ ಹೋಯಿತು. ಔಷಧದಿಂದ ಅವಳು ಗುಣವಾದುದು ನಿಜ. ಎರಡು ತಿಂಗಳ ಮೇಲೆ ಮಗುವನ್ನು ಮಡಿಲಲ್ಲಿಟ್ಟಾಗ ಮಾತ್ರ ಎತ್ತಿಕೊಳ್ಳಲು ಅಳುಕಿ, “ದೊಡ್ಡಪ್ಪ, ಇದು ನನ್ನನ್ನು ಗುರುತಿಸೀತೆ?” ಎಂದಳು. ಆ ಪ್ರಶ್ನೆಗೆ ಯಾವ ಔಷಧದಲ್ಲಿಯೂ ಉತ್ತರವಿರಲಿಲ್ಲ.

ಈ ವ್ಯಾಧಿಯ ತೀವ್ರರೂಪವು 1000 ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ ತಲೆದೋರುವುದೆಂದು ವೈದ್ಯರು ಹೇಳುತ್ತಾರೆ. ತಾಯಿಗೂ ಮಗುವಿಗೂ ಪ್ರಾಣಾಪಾಯವುಂಟು; ಆದರೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಮಂದಿ ಸಂಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆ.

ತಾಯಿಯನ್ನು ಮಗುವಿನೊಡನೆಯೇ ಸೇರಿಸಿಕೊಳ್ಳುವ ಪದ್ಧತಿಯನ್ನು ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಥಾಮಸ್ ಮೇನ್ ಎಂಬ ವೈದ್ಯರು 1948ರಲ್ಲಿ ಆರಂಭಿಸಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ಐದು ಹಾಸಿಗೆಗಳ ತಾಯಿ-ಮಗು ವಿಭಾಗವು ಏರ್ಪಟ್ಟಿತು. ಮನೆಯ ಹೆಂಗಸೊಬ್ಬರೂ ಅಲ್ಲಿ ಜತೆಗಿರುತ್ತಾರೆ. ಇಂತಹ ವಿಭಾಗಗಳಲ್ಲಿ ರೋಗವು ಉಲ್ಬಣಿಸಿರುವಾಗ ಮಗುವನ್ನು ಇತರರು ಕಾಯುತ್ತಾರೆ. ತಿಳಿವು ಮರಳಿದಂತೆ ಎತ್ತಿಕೊಳ್ಳುವುದು, ಉಣಿಸುವುದು, ಮಲಗಿಸುವುದು ಒಂದೊಂದಾಗಿ ತಾಯಿಯ ಕೈಗೆ ಬರುತ್ತವೆ. ಎದೆಹಾಲನ್ನು ಗಮನದಲ್ಲಿಟ್ಟು ಔಷಧಗಳನ್ನು ಆರಿಸುತ್ತಾರೆ.

ಸಂಸ್ಕೃತದಲ್ಲಿ ‘ವತ್ಸ’ವೆಂದರೆ ಕರು, ‘ವಾತ್ಸಲ್ಯ’ವು ಆ ಪದದಿಂದ ಬಂದುದು. ಕರುವನ್ನು ದೂರ ಕಟ್ಟಿ ಹಸುವಿನಿಂದ ವಾತ್ಸಲ್ಯವನ್ನು ನಿರೀಕ್ಷಿಸುವುದು ಎಂತಹ ನ್ಯಾಯ? ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಶಾಸನವೂ ಇದನ್ನು ಮನಗಂಡಿದೆ: ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಕೂಡದು. ಮಗುವಿಗೆ ಅಪಾಯವುಂಟೆಂದು ಅಗಲಿಸಿದರೂ, ಆ ನಿರ್ಣಯವನ್ನು 15 ದಿನಗಳಿಗೊಮ್ಮೆ ಪುನರ್ವಿಮರ್ಶಿಸತಕ್ಕದ್ದು. ಅಗಲಿಕೆಯು ಅಪವಾದ, ಸಾಮೀಪ್ಯವು ನಿಯಮ.

ಶಾಸನವು ಪುಸ್ತಕದಲ್ಲಿದ್ದರೆ ಸಾಲದು. ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ ಇಂತಹ ತಾಯಂದಿರಿಗಾಗಿ ಒಂದು ಕೊಠಡಿಯನ್ನಾದರೂ ಕೇಳುವುದು ನಮ್ಮಂತಹ ಸಂಘಗಳ ಕರ್ತವ್ಯ. ಗೃಹಸ್ಥರ ಕರ್ತವ್ಯವೂ ಉಂಟು: ಬಾಣಂತಿಗೆ ನಿದ್ರೆ ಕೆಟ್ಟು, ಮಾತು ದಿಕ್ಕುತಪ್ಪಿ, ಮಗುವಿನ ವಿಷಯದಲ್ಲಿ ವಿಪರೀತ ಶಂಕೆ ಕಂಡರೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು, ತಾಯಿಮಕ್ಕಳಿಬ್ಬರನ್ನೇ ಒಂಟಿಯಾಗಿ ಬಿಡಬಾರದು, ಅವಳನ್ನು ಕೆಟ್ಟ ತಾಯಿಯೆಂದು ಎಂದಿಗೂ ಹಳಿಯಬಾರದು. ಜ್ವರ ಬಂದವಳನ್ನು ನಾವು ಹಳಿಯುವೆವೆ?