ಎಂಬತ್ತರ ಗೆರೆ

ಸಂಜೆ ನಾಲ್ಕಕ್ಕೇ ಕ್ರಾಯ್ಡನ್‌ನಲ್ಲಿ ಕತ್ತಲು. ಕಿಟಕಿಯ ಕೆಳಗೆ ಟ್ರಾಮ್ ಕಿರಗುಟ್ಟುತ್ತ ತಿರುವು ದಾಟುತ್ತದೆ. ತಂಗಿ ಚಹಾದ ಲೋಟಗಳನ್ನು ಬದಿಗೆ ಸರಿಸಿ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡಿದ್ದಾಳೆ. ಅವಳೂ ಭಾವನೂ ಕೊಳ್ಳಲು ಹೊರಟ ಫ್ಲ್ಯಾಟಿನ ಲೀಸ್ ಪತ್ರ. ನಲವತ್ತಾರು ಪುಟ. ಮೊದಲ ಪುಟದಲ್ಲೇ ಒಂದು ಸಾಲಿಗೆ ಹಳದಿ ಬಳಿದಿದ್ದಾಳೆ: 2006ರ ಡಿಸೆಂಬರ್ 25ರಿಂದ 99 ವರ್ಷ.

"ಇವತ್ತು ತಾರೀಕೆಷ್ಟು, ಅಕ್ಕ?"

2025ರ ಡಿಸೆಂಬರ್ 5, ಶುಕ್ರವಾರ.

"ಹಾಗಾದ್ರೆ ಹೆಚ್ಚೆಂದರೆ ಹತ್ತೊಂಬತ್ತು ದಿವಸ ಉಂಟು" ಎನ್ನುತ್ತಾಳೆ. ಅವಳ ಬೆರಳು ಆ ಸಾಲಿನಿಂದ ಕದಲುವುದಿಲ್ಲ.

ಮನೆ ಕೊಳ್ಳುವುದೆಂದರೆ ಗೋಡೆ, ನೆಲ, ದಿಕ್ಕು ನೋಡುವುದು ಎಂದು ತಿಳಿದಿದ್ದವಳು ನಾನು. ಇಲ್ಲಿ ಮೊದಲು ನೋಡಬೇಕಾದದ್ದು ವರ್ಷ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಫ್ಲ್ಯಾಟ್ ಕೊಂಡವರ ಕೈಗೆ ಸಾಮಾನ್ಯವಾಗಿ ಬರುವುದು ಇಂತಿಷ್ಟು ವರ್ಷದ ಹಕ್ಕು ಮಾತ್ರ. ನೆಲವೂ ಕಟ್ಟಡವೂ ಫ್ರೀಹೋಲ್ಡರ್ ಎಂಬ ಒಡೆಯನದು. ವಾಯಿದೆ ಮುಗಿದ ದಿನ ಮನೆ ಅವನಿಗೆ ಮರಳುತ್ತದೆ.

ಭಾವ ಮಂಗಳೂರಿನ ಕೊಡಿಯಾಲಬೈಲಿನವನು, ಮೂಲಗೇಣಿ ಮನೆಯಲ್ಲಿ ಹುಟ್ಟಿ ಬೆಳೆದವನು. ಈ ಕಾಗದ ಅವನಿಗೆ ನನಗಿಂತ ಬೇಗ ಅರ್ಥವಾಗಿದೆ. "ನಮ್ಮದು ಮೂಲಗೇಣಿ, ಅಕ್ಕ. ಧಣಿಗೆ ವರ್ಷಕ್ಕೆ ಇಷ್ಟು ಅಂತ ಕೊಟ್ಟರೆ ಆಯಿತು, ತಲೆಮಾರು ಕಳೆದರೂ ಎಬ್ಬಿಸುವ ಹಾಗಿಲ್ಲ. ಇದು ವಾಯಿದೆ ಗೇಣಿ." 1974ರ ಭೂಸುಧಾರಣೆ ಕಾನೂನು ನಮ್ಮ ಕಡೆ ಉಳುವವನಿಗೆ ಹೊಲ ಕೊಟ್ಟಿತು, ಪೇಟೆಯ ಮೂಲಗೇಣಿ ಮನೆಗಳು ಆ ಲೆಕ್ಕಕ್ಕೆ ಬರಲಿಲ್ಲ. ಅವನ ಅಪ್ಪ ಸಾಯುವವರೆಗೂ "ಮನೆ ನಮ್ಮದು, ಅಡಿ ನಮ್ಮದಲ್ಲ" ಎನ್ನುತ್ತಿದ್ದರಂತೆ. ಸುಮಾರು ಎಂಟು ಸಾವಿರ ಕಿಲೋಮೀಟರ್ ದಾಟಿ ಬಂದ ಮಗ ಮತ್ತೆ ಅದೇ ಮಾತಿನ ಮುಂದೆ ಕೂತಿದ್ದಾನೆ.

ಐದಕ್ಕೆ ವಕೀಲೆಯ ಫೋನ್. ತಂಗಿ ಸ್ಪೀಕರ್ ಒತ್ತಿ ಮೇಜಿನ ನಡುವೆ ಇಡುತ್ತಾಳೆ. ಆಕೆ ನಿಧಾನವಾಗಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುವಂತೆ ವಿವರಿಸುತ್ತಾರೆ. 1993ರ ಕಾನೂನಿನ ಪ್ರಕಾರ ಫ್ಲ್ಯಾಟಿನವರು ಹಣ ಕೊಟ್ಟು ಲೀಸಿಗೆ ಇನ್ನೂ 90 ವರ್ಷ ಸೇರಿಸಿಕೊಳ್ಳಬಹುದು, ಒಡೆಯ ಬೇಡವೆನ್ನುವಂತಿಲ್ಲ. ಆದರೆ ಬೆಲೆ ಕಟ್ಟುವಾಗ 80 ವರ್ಷಕ್ಕೆ ಒಂದು ಗೆರೆ. ವರ್ಷ ಸೇರಿಸಿಕೊಡಿ ಎಂದು ಒಡೆಯನಿಗೆ ನೋಟಿಸು ಕೊಟ್ಟ ದಿನ ಉಳಿದದ್ದು ಎಂಬತ್ತಕ್ಕಿಂತ ಹೆಚ್ಚಿದ್ದರೆ ಒಂದು ಲೆಕ್ಕ. ಎಂಬತ್ತಕ್ಕೆ ಇಳಿದಿದ್ದರೆ, ವರ್ಷ ಸೇರಿದ್ದರಿಂದ ಮನೆಯ ಬೆಲೆ ಎಷ್ಟು ಏರುತ್ತದೋ ಅದರ ಅರ್ಧವನ್ನೂ ಒಡೆಯನಿಗೆ ಕೊಡಬೇಕು. ಅದಕ್ಕೆ ಮ್ಯಾರೇಜ್ ವ್ಯಾಲ್ಯೂ ಎಂದು ಹೆಸರು.

"2024ರ ಹೊಸ ಕಾನೂನಿನಲ್ಲಿ ಅದನ್ನು ತೆಗೆದಿದ್ದಾರಲ್ಲ?" ಭಾವ ಓದಿಕೊಂಡೇ ಕೂತಿದ್ದಾನೆ.

ತೆಗೆದದ್ದು ಹೌದು, ಆ ಭಾಗ ಇನ್ನೂ ಜಾರಿಗೆ ಬಂದಿಲ್ಲ ಎನ್ನುತ್ತಾರೆ ವಕೀಲೆ. ಒಡೆಯರು ಹೈಕೋರ್ಟಿಗೆ ಹೋಗಿ ಅಕ್ಟೋಬರಿನಲ್ಲಿ ಸೋತಿದ್ದಾರೆ, ಆದರೂ ಜಾರಿಯ ದಿನ ನಿಗದಿಯಾಗಿಲ್ಲ. ಬರಲಿರುವ ಕಾನೂನನ್ನು ನಂಬಿ ಇವತ್ತಿನ ಗೆರೆ ದಾಟಬೇಡಿ.

ತಂಗಿ ಕೇಳುತ್ತಾಳೆ: "ನಾವೇ ಕೊಂಡು, ಮರುದಿನವೇ ನೋಟಿಸು ಕೊಟ್ಟರೆ?"

ನನಗೂ ಅದೇ ಸರಳ ದಾರಿ ಎನಿಸಿತ್ತು. ಎರಡು ವರ್ಷ ಮನೆ ಹೊಂದಿರಲೇಬೇಕೆಂಬ ಹಳೆಯ ಷರತ್ತನ್ನು 2025ರ ಜನವರಿ 31ರಂದು ತೆಗೆದುಹಾಕಿದ್ದಾರೆ. ತೊಡಕು ಬೇರೆ ಕಡೆ ಇದೆ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೆಸರು ಏರುವ ತನಕ ಕಾನೂನಿನ ಕಣ್ಣಿಗೆ ಕೊಂಡವರು ಮನೆಯವರಲ್ಲ, ಹೆಸರು ಏರಲು ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ನೋಟಿಸು ಈಗಲೇ ಹೋಗಬೇಕು, ಮಾರುವವರ ಹೆಸರಿನಲ್ಲೇ ಹೋಗಬೇಕು. ಆಮೇಲೆ ಮನೆ ಕೈ ಬದಲಿಸುವಾಗ ನೋಟಿಸಿನ ಹಕ್ಕೂ ಅದರ ಜೊತೆಗೇ ಬರೆದುಕೊಡಬೇಕು. ಎರಡನ್ನೂ ಬೇರೆ ಬೇರೆ ಮಾಡಿದರೆ ನೋಟಿಸು ಹಿಂತೆಗೆದುಕೊಂಡಂತೆ, ಮತ್ತೆ ಹನ್ನೆರಡು ತಿಂಗಳು ಹೊಸದು ಕೊಡುವಂತಿಲ್ಲ.

ಫೋನ್ ಇಟ್ಟ ಮೇಲೆ ಮೂವರಲ್ಲಿ ಯಾರೂ ಮಾತಾಡುವುದಿಲ್ಲ. ಚಹಾದ ಮೇಲೆ ಕೆನೆ ಕಟ್ಟಿದೆ.

ಮರುದಿನ ಬೆಳಿಗ್ಗೆ ಆ ಮನೆಗೆ ಹೋಗುತ್ತೇವೆ. ಬಾಗಿಲು ತೆರೆದವರು ಎಪ್ಪತ್ತು ದಾಟಿದ ಹೆಂಗಸು. ಕಟ್ಟಡ ಹೊಸದಾಗಿದ್ದಾಗಲೇ ಗಂಡನ ಜೊತೆ ಇಲ್ಲಿಗೆ ಬಂದವರು, ಈಗ ಒಬ್ಬರೇ. ಮಾರಿ ಮಗಳ ಊರಿಗೆ ಹೋಗುವವರಿದ್ದಾರೆ. ಭಾವ ಎಂಬತ್ತರ ವಿಷಯ ಹೇಳುತ್ತ ಹೋದಂತೆ ಅವರು ಕುರ್ಚಿಯ ಕೈ ಹಿಡಿದು ಕೂರುತ್ತಾರೆ. ಹತ್ತೊಂಬತ್ತು ವರ್ಷ ತಪ್ಪದೆ 250 ಪೌಂಡ್ ನೆಲಬಾಡಿಗೆ ಕಟ್ಟಿದ್ದಾರೆ, ನಿರ್ವಹಣೆಯ ಸರ್ವಿಸ್ ಚಾರ್ಜನ್ನೂ ಕಟ್ಟಿದ್ದಾರೆ. ವರ್ಷ ಕರಗುತ್ತಿದೆ, ಒಂದು ದಿನ ಅದಕ್ಕೆ ಬೆಲೆ ತೆರಬೇಕು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಆ ನೆಲಬಾಡಿಗೆಯೂ ಇಪ್ಪತ್ತೈದು ವರ್ಷಕ್ಕೊಮ್ಮೆ ಇಮ್ಮಡಿ ಎಂದು ಪತ್ರದಲ್ಲಿದೆ: 2031ಕ್ಕೆ 500, 2056ಕ್ಕೆ 1,000, 2081ಕ್ಕೆ 2,000. ಬಾಕಿ 350 ಪೌಂಡ್ ದಾಟಿದರೆ ಲೀಸನ್ನೇ ರದ್ದು ಮಾಡಿಸಲು ಒಡೆಯ ನ್ಯಾಯಾಲಯದ ಮೆಟ್ಟಿಲೇರಬಹುದು. ಲಕ್ಷಾಂತರ ಪೌಂಡಿನ ಮನೆಗೆ ಇಷ್ಟು ಸಣ್ಣ ಬಾಕಿಯ ಕುಣಿಕೆ ಹಾಕಿಟ್ಟಿರುವುದು ಅನ್ಯಾಯ. ಆ ತಾಯಿಯ ಮುಖ ನೋಡುತ್ತ ಬೇರೇನೂ ಹೇಳಲು ನನಗೆ ಮನಸ್ಸಾಗುವುದಿಲ್ಲ.

ತಂಗಿ ಲೀಸಿನ ಕೊನೆಯಲ್ಲಿದ್ದ ನಕ್ಷೆಯನ್ನು ನೆಲದ ಮೇಲೆ ಬಿಡಿಸುತ್ತಾಳೆ. ಮನೆಯ ಸುತ್ತ ಕೆಂಪು ಗೆರೆ. ಅವಳು ಒಂದೊಂದೇ ಗೋಡೆಯನ್ನು ಬೆರಳಲ್ಲಿ ಹಿಡಿದು, ತಲೆಯೆತ್ತಿ ನೋಡಿ, ಮುಂದಿನದಕ್ಕೆ ಹೋಗುತ್ತಾಳೆ. ಅಡುಗೆಮನೆಗೆ ಬಂದಾಗ ಬೆರಳು ನಿಲ್ಲುತ್ತದೆ. ಕಾಗದದಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿದೆ, ಕಣ್ಣೆದುರು ಇಲ್ಲ. ನಾನು ಬಗ್ಗಿ ನೋಡುತ್ತೇನೆ: ಮರದ ನೆಲಹಾಸಿನಲ್ಲಿ ಒಂದು ಗೇಣಗಲದ ಪಟ್ಟಿ ಬಣ್ಣದಲ್ಲಿ ತುಸು ಬೇರೆ, ಗೋಡೆ ನಿಂತಿದ್ದ ಜಾಗ ಅಲ್ಲಿಂದ ಇಲ್ಲಿಯವರೆಗೆ ನೇರ.

"ನಮ್ಮವರು ತೆಗೆಸಿದರು. ಬೆಳಕು ಬರಲಿ ಅಂತ" ಎನ್ನುತ್ತಾರೆ ಅವರು.

ಒಡೆಯನ ಲಿಖಿತ ಅನುಮತಿ ಇಲ್ಲದೆ ಒಳಗಿನ ಗೋಡೆ ತೆಗೆಯಬಾರದೆಂದು ಪತ್ರದಲ್ಲಿದೆ. ಅನುಮತಿ ಕೇಳಿದ್ದಕ್ಕೆ ಕಾಗದವಿಲ್ಲ. ಕೊಂಡ ಮೇಲೆ ಆ ತಪ್ಪು ತಂಗಿಯ ತಲೆಗೇ ಬರುತ್ತದೆ. ಮಾರುವ ಮೊದಲೇ ಒಡೆಯನಿಂದ ಹಿಂದಿನ ದಿನಾಂಕದ ಕೆಲಸಕ್ಕೂ ಒಪ್ಪಿಗೆ ಪತ್ರ ತರಿಸಬೇಕು. ಅದಕ್ಕೆ ಅವನ ವಕೀಲರ ಶುಲ್ಕ ಬೇರೆ. ಮರದ ನೆಲಹಾಸೂ ಅಷ್ಟೆ, ಕಾರ್ಪೆಟ್ಟು ಇರಲೇಬೇಕೆಂದಿದೆ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಪಕ್ಕದವರಿಗೆ ಸದ್ದು ಕೇಳಬಾರದು ಎಂಬ ಸಾಲಿನ ಪಕ್ಕ ತಂಗಿ ಪೆನ್ಸಿಲಿನಲ್ಲಿ "ಗ್ರೈಂಡರ್" ಎಂದು ಬರೆದಿಟ್ಟುಕೊಂಡಿದ್ದಾಳೆ. ಇಡ್ಲಿ ಹಿಟ್ಟು ಇನ್ನು ಸಂಜೆಯೇ ರುಬ್ಬಬೇಕು.

ಮುಂದಿನ ವಾರ ಕಟ್ಟಡ ನೋಡಿಕೊಳ್ಳುವ ಏಜೆಂಟರಿಂದ ಕಟ್ಟು ಬರುತ್ತದೆ, ಎಲ್‌ಪಿಇ1 ಎಂಬ ನಮೂನೆಯ ಉತ್ತರಗಳು. ಹೊರಗೋಡೆಯ ಸುರಕ್ಷೆಯ ಇಡಬ್ಲ್ಯೂಎಸ್1 ಪ್ರಮಾಣಪತ್ರ ಇದೆ. 2017ರ ಜೂನ್ 14ರಂದು ಗ್ರೆನ್‌ಫೆಲ್ ಟವರ್ ಉರಿದು 72 ಜನ ಸತ್ತ ಮೇಲೆ ಬ್ಯಾಂಕುಗಳು ಕೇಳತೊಡಗಿದ ಕಾಗದ. ಆ ಪುಟ ಕೈಗೆ ಬಂದಾಗ ಭಾವ ಉಸಿರು ಬಿಡುತ್ತಾನೆ. ಆದರೆ ಮುಂದಿನ ವರ್ಷ ಮಾಡು ರಿಪೇರಿ ಎಂದು ಸೆಕ್ಷನ್ 20ರ ನೋಟಿಸೂ ಇದೆ. ಒಂದೊಂದು ಮನೆಗೂ 250 ಪೌಂಡ್ ಮೀರುವ ಕೆಲಸಕ್ಕೆ ಮೊದಲು ನಿವಾಸಿಗಳ ಅಭಿಪ್ರಾಯ ಕೇಳಲೇಬೇಕು ಎಂಬ ನಿಯಮದ ನೋಟಿಸು ಅದು. ಬಿಲ್ಲು ಬರುವುದು ಮನೆ ಕೈ ಬದಲಿಸಿದ ಮೇಲೆ. ಮಾರುವವರಿಗೆ ಸಲ್ಲುವ ಹಣದಲ್ಲಿ ಒಂದಷ್ಟನ್ನು ವಕೀಲರ ಬಳಿ ತಡೆದಿಡುವುದೆಂದು ಎರಡೂ ಕಡೆ ಒಪ್ಪುತ್ತದೆ.

ನೋಟಿಸಿನ ಕರಡು ಸೋಮವಾರ ಬರುತ್ತದೆ. ಸರ್ವೇಯರ್ ಕಟ್ಟಿದ ಬೆಲೆ, 90 ವರ್ಷದ ವಿಸ್ತರಣೆ, ಮತ್ತೆ ನೆಲಬಾಡಿಗೆಯ ಜಾಗದಲ್ಲಿ ಪೆಪ್ಪರ್‌ಕಾರ್ನ್ ಎಂಬ ಒಂದೇ ಪದ.

"ಒಳ್ಳೆಮೆಣಸು!" ಭಾವ ಕುರ್ಚಿಯಿಂದ ಎದ್ದೇಬಿಡುತ್ತಾನೆ.

ಹೌದು, ಒಂದು ಕಾಳು ಮೆಣಸು. ಕರಾರು ನಿಲ್ಲಬೇಕಾದರೆ ಬದಲಿಗೆ ಏನಾದರೂ ಕೊಡಬೇಕೆಂಬುದು ಇಲ್ಲಿನ ಹಳೆಯ ನಿಯಮ. ಕೊಡಬೇಕಾದದ್ದೆಲ್ಲಕ್ಕಿಂತ ಚಿಕ್ಕದಾಗಿ ಮೆಣಸಿನ ಕಾಳು ಉಳಿದುಬಂದಿದೆ. ಕಾಗದದ ಮೇಲೆ ಇದ್ದರೆ ಸಾಕು, ಯಾರೂ ಕೇಳುವುದಿಲ್ಲ. 2022ರ ಜೂನ್ 30ರಿಂದೀಚೆಗೆ ಹೊಸದಾಗಿ ಕೊಡುವ ಮನೆಗಳ ಲೀಸಿಗೂ ಇದಕ್ಕಿಂತ ಹೆಚ್ಚು ನೆಲಬಾಡಿಗೆ ಹಾಕುವಂತಿಲ್ಲ. ತಂಗಿ ಒಳಗೆ ಹೋಗಿ ಅಪ್ಪ ಕಳಿಸಿದ ಡಬ್ಬಿ ತರುತ್ತಾಳೆ. ಸುಳ್ಯದ ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು. ಮುಚ್ಚಳ ತೆಗೆದಾಗ ಅಂಗಳದಲ್ಲಿ ಚಾಪೆಯ ಮೇಲೆ ಒಣಗುವಾಗಿನ ವಾಸನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಇದೇ ಕಾಳಿಗಾಗಿ. ಸುಕ್ಕುಗಟ್ಟಿದ ಒಂದು ಕಾಳನ್ನು ಅವಳು ಆ ಪದದ ಮೇಲೆ ಇಡುತ್ತಾಳೆ. ಅದು ಉರುಳಿ ಮಡಿಕೆಯಲ್ಲಿ ನಿಲ್ಲುತ್ತದೆ.

ಡಿಸೆಂಬರ್ 17, ಬುಧವಾರ. ಕ್ರಿಸ್‌ಮಸ್ ಅಂಚೆಯನ್ನು ನಂಬುವುದು ಬೇಡವೆಂದು ವಕೀಲರು ನೋಟಿಸನ್ನು ಆಳಿನ ಕೈಯಲ್ಲೇ ಒಡೆಯನ ಕಚೇರಿಗೆ ಕಳಿಸಿದ್ದಾರೆ. ಹನ್ನೊಂದು ಇಪ್ಪತ್ತಕ್ಕೆ ತಂಗಿಯ ಫೋನಿಗೆ ಚಿತ್ರ ಬರುತ್ತದೆ: ತಲುಪಿದ್ದಕ್ಕೆ ಸಹಿ, ಮೊಹರು, ದಿನಾಂಕ. ಅವಳು ದಿನಾಂಕವನ್ನಷ್ಟೇ ದೊಡ್ಡದು ಮಾಡಿ ನನಗೆ ತೋರಿಸುತ್ತಾಳೆ. ಆಮೇಲೆ ಮಾರುವ ಆ ತಾಯಿಗೆ ಫೋನ್ ಮಾಡುತ್ತಾಳೆ. ಆಚೆಯಿಂದ ಬಹಳ ಹೊತ್ತು ಮಾತು ಬರುವುದಿಲ್ಲ, ಬಂದಾಗ ಬರೀ ಥ್ಯಾಂಕ್ಯೂ.

ಒಡೆಯ ಉತ್ತರ ಕೊಡಲು 2026ರ ಫೆಬ್ರವರಿ 23ರವರೆಗೆ ಗಡುವು. ಅವನು ಹೇಳುವ ಬೆಲೆ ಇವರು ಹೇಳಿದ್ದಕ್ಕಿಂತ ಹೆಚ್ಚೇ ಇರುತ್ತದೆ, ಚೌಕಾಸಿ ಆಗುತ್ತದೆ, ಕೂಡದಿದ್ದರೆ ಟ್ರಿಬ್ಯೂನಲ್. ಗೋಡೆಯ ಒಪ್ಪಿಗೆ ಪತ್ರವೂ ಇನ್ನೂ ಬಂದಿಲ್ಲ. ಊರಿನ ಕ್ಯಾಲೆಂಡರಿನಲ್ಲಿ ಫೆಬ್ರವರಿ ಇನ್ನೂ ಇಲ್ಲ, ಹೊಸ ವರ್ಷದ್ದು ಬಂದಿಲ್ಲ. ಭಾವ ಡಿಸೆಂಬರಿನ ಹಾಳೆಯ ಅಂಚಿನಲ್ಲೇ ದಿನಾಂಕ ಬರೆದು, ಸುತ್ತ ಕೆಂಪು ಗೆರೆ ಎಳೆಯುತ್ತಾನೆ.